ಪರಾಗವಿಲ್ಲದ ಸಾಲುಗಳು: ಹಿಂಗಾರಿ ಜೋಳ ಮತ್ತು ಮೈಟೊಕಾಂಡ್ರಿಯದ ಡಿಎನ್‌ಎ

ಹೈಬ್ರಿಡ್ ಜೋಳದ ಬೀಜ ತೆಗೆಯುವ ಹೊಲವನ್ನು ನೋಡಬೇಕೆಂದರೆ ತೆನೆ ಹೂ ಬಿಡುವ ವಾರದಲ್ಲಿ, ಬೆಳಿಗ್ಗೆ ಬೇಗ ಹೋಗಬೇಕು. ನಾಲ್ಕು ಸಾಲು ಒಂದು ತಳಿ, ಎರಡು ಸಾಲು ಇನ್ನೊಂದು ತಳಿ, ಮತ್ತೆ ನಾಲ್ಕು, ಮತ್ತೆ ಎರಡು ಎಂಬಂತೆ ಹೊಲ ಬಿತ್ತಿರುತ್ತಾರೆ. ಎರಡು ಸಾಲಿನ ತೆನೆಯನ್ನು ಅಂಗೈ ಮೇಲೆ ಬಡಿದರೆ ಹಳದಿ ಪುಡಿ ಉದುರುತ್ತದೆ. ನಾಲ್ಕು ಸಾಲಿನ ತೆನೆಯನ್ನು ಎಷ್ಟು ಬಡಿದರೂ ಏನೂ ಉದುರುವುದಿಲ್ಲ. ಗಿಡಕ್ಕೆ ರೋಗವಿಲ್ಲ. ದಂಟು ಗಟ್ಟಿಯಾಗಿದೆ, ಎಲೆ ಹಸಿರಾಗಿದೆ, ಹೂವಿನ ಹೆಣ್ಣು ಭಾಗವೂ ಸರಿಯಾಗಿದೆ. ಪಕ್ಕದ ಸಾಲಿನ ಪರಾಗ ಬಿದ್ದರೆ ಕಾಳು ಕಟ್ಟುತ್ತದೆ. ಪರಾಗಕೋಶ ಮಾತ್ರ ಬಿಳಿಚಿಕೊಂಡು ಮುರುಟಿದೆ. ಬೀಜದ ಕೆಲಸದವರು ಇವನ್ನು ಫಿಮೇಲ್ ಸಾಲು, ಮೇಲ್ ಸಾಲು ಎಂದು ಕರೆಯುತ್ತಾರೆ.

ಆ ಮುರುಟುವಿಕೆಯ ಮೂಲ ಇರುವುದು ಜೋಳದ ಕೋಶಕೇಂದ್ರದಲ್ಲಿ ಅಲ್ಲ, ಮೈಟೊಕಾಂಡ್ರಿಯದೊಳಗಿನ ಡಿಎನ್‌ಎಯಲ್ಲಿ. ಅದನ್ನು ಸರಿಪಡಿಸುವ ಮದ್ದು ಇರುವುದು ಮಾತ್ರ ಕೋಶಕೇಂದ್ರದಲ್ಲಿ. ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಪ್ರೊಟೀನ್‌ಗಳು ಹೇಗೆ ಆಳುತ್ತವೆ ಎಂಬ ಪ್ರಶ್ನೆಗೆ ಪ್ರಯೋಗಾಲಯದ ಉತ್ತರಗಳು ಬೇಕಾದಷ್ಟಿವೆ. ಬರಿಗಣ್ಣಿಗೆ ಕಾಣುವ ಉತ್ತರ ಬೇಕಿದ್ದರೆ ಸೊಲ್ಲಾಪುರ, ಅಕ್ಕಲಕೋಟೆ, ವಿಜಯಪುರ ಸೀಮೆಯ ಎರೆಹೊಲದ ಬೆಳೆಯನ್ನೇ ಹಿಡಿದು ಹೇಳುವುದು ಒಳ್ಳೆಯದು.

ಈ ಸೀಮೆಯಲ್ಲಿ ಜೋಳವೆಂದರೆ ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಮಾಲದಂಡಿಯಿಂದ ಆಯ್ದು ತೆಗೆದ ಎಂ 35-1 ಎಂಬ ತಳಿ 1930ರ ದಶಕದಿಂದ ಇಂದಿನವರೆಗೂ ಹೊಲ ಬಿಟ್ಟಿಲ್ಲ. ಬಿಜ್ಜಳನ ಕಾಲದಿಂದ ಕನ್ನಡಿಗರಿಗೆ ಪರಿಚಿತವಾದ ಮಂಗಳವೇಢೆಯ ಮಾಲದಂಡಿ ಜೋಳಕ್ಕೆ ಈಗ ಭೌಗೋಳಿಕ ಗುರುತೂ ದೊರೆತಿದೆ. ಸೊಲ್ಲಾಪುರದಲ್ಲಿ ಹಿಂಗಾರಿ ಜೋಳಕ್ಕೆಂದೇ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಕೇಂದ್ರವೊಂದಿದೆ. ಗಡಿಯ ಈಚೆಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜಯಪುರ ಕೇಂದ್ರವೂ ಇದೇ ಬೆಳೆಯ ಮೇಲೆ ಕೆಲಸ ಮಾಡುತ್ತದೆ. ಮುಂಗಾರಿ ಜೋಳದಲ್ಲಿ ಹೈಬ್ರಿಡ್‌ಗಳು 1964ರಿಂದ ಬಂದು ನೆಲೆಯೂರಿದವು. ಹಿಂಗಾರಿಯಲ್ಲಿ ಎಷ್ಟು ಹೈಬ್ರಿಡ್ ಬಿಡುಗಡೆಯಾದರೂ ರೈತ ಮಾಲದಂಡಿಯನ್ನೇ ಹಿಡಿದುಕೊಂಡ. ರೊಟ್ಟಿಯ ರುಚಿ, ಕಣಿಕೆಯ ಗುಣ, ಸುಳಿನೊಣದ ಕಾಟ, ಇವೆಲ್ಲ ಕಾರಣಗಳು ಎಲ್ಲರಿಗೂ ಗೊತ್ತು. ಅಷ್ಟಾಗಿ ಮಾತಿಗೆ ಬಾರದ ಕಾರಣ ಇನ್ನೊಂದಿದೆ. ಅದಕ್ಕೆ ಬರುವ ಮೊದಲು ಮೈಟೊಕಾಂಡ್ರಿಯದ ಒಳಗೆ ಸ್ವಲ್ಪ ತಿರುಗಾಡಿ ಬರಬೇಕು.

ಗಿಡವಾಗಲಿ ಮನುಷ್ಯನಾಗಲಿ, ಉಸಿರಾಟದಿಂದ ಶಕ್ತಿ ತೆಗೆಯುವ ಕೆಲಸ ಮೈಟೊಕಾಂಡ್ರಿಯದ್ದು. ಅದು ಒಂದು ಕಾಲಕ್ಕೆ ಸ್ವತಂತ್ರ ಬ್ಯಾಕ್ಟೀರಿಯವಾಗಿತ್ತು ಎಂಬುದು ಈಗ ಪಠ್ಯಪುಸ್ತಕದ ಮಾತು. ಆ ಹಳೆಯ ಬದುಕಿನ ಉಳಿಕೆಯಾಗಿ ಅದರಲ್ಲಿ ಸ್ವಂತ ಡಿಎನ್‌ಎ ಇದೆ. 1963ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಾರ್ಗಿಟ್ ನಾಸ್ ಮತ್ತು ಸಿಲ್ವನ್ ನಾಸ್ ದಂಪತಿ ಕೋಳಿಯ ಭ್ರೂಣದ ಮೈಟೊಕಾಂಡ್ರಿಯದಲ್ಲಿ ಡಿಎನ್‌ಎ ಎಳೆಗಳನ್ನು ತೋರಿಸಿಕೊಟ್ಟರು. 1981ರಲ್ಲಿ ಕೇಂಬ್ರಿಜ್‌ನ ಫ್ರೆಡರಿಕ್ ಸ್ಯಾಂಗರ್ ಅವರ ತಂಡ ಮನುಷ್ಯನ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಅಕ್ಷರಕ್ಷರ ಓದಿ ಮುಗಿಸಿತು: 16,569 ಅಕ್ಷರ ಜೋಡಿಗಳ ಉಂಗುರ, 37 ವಂಶವಾಹಿಗಳು. ಅವುಗಳಲ್ಲಿ ಪ್ರೊಟೀನ್ ಮಾಡುವವು 13 ಮಾತ್ರ. ಮೈಟೊಕಾಂಡ್ರಿಯ ನಡೆಯಲು ಸಾವಿರಕ್ಕೂ ಮಿಕ್ಕಿ ಬಗೆಯ ಪ್ರೊಟೀನ್‌ಗಳು ಬೇಕು. ಉಳಿದದ್ದೆಲ್ಲ ಕೋಶಕೇಂದ್ರದ ವಂಶವಾಹಿಗಳಿಂದ ತಯಾರಾಗಿ ಹೊರಗಿನಿಂದ ಒಳಗೆ ಬರುತ್ತದೆ. ಉಂಗುರವನ್ನು ನಕಲು ಮಾಡುವ, ಓದುವ, ಕತ್ತರಿಸುವ, ರಿಪೇರಿ ಮಾಡುವ ಪ್ರೊಟೀನ್‌ಗಳಲ್ಲಿ ಒಂದನ್ನೂ ಮನುಷ್ಯನ ಈ ಉಂಗುರ ತಾನಾಗಿ ತಯಾರಿಸಿಕೊಳ್ಳುವುದಿಲ್ಲ.

ಜೋಳದ ಮೈಟೊಕಾಂಡ್ರಿಯದ ಡಿಎನ್‌ಎ ಸುಮಾರು 4,68,000 ಅಕ್ಷರ ಜೋಡಿಗಳಷ್ಟು ಉದ್ದ. ನಮ್ಮದಕ್ಕಿಂತ 28 ಪಟ್ಟು. ಹಾಗೆಂದು ಅದರಲ್ಲಿ 28 ಪಟ್ಟು ಹೆಚ್ಚು ವಂಶವಾಹಿಗಳಿಲ್ಲ. ಪ್ರೊಟೀನ್ ಮಾಡುವವು ಮೂವತ್ತರ ಆಸುಪಾಸು. ಮಿಕ್ಕ ಜಾಗವೆಲ್ಲ ಮರುಕಳಿಸಿದ ತುಣುಕು, ಬೇರೆಡೆಯಿಂದ ಬಂದು ಸೇರಿದ ಚೂರು. ಈ ಸಡಿಲ ಜಾಗದಲ್ಲೇ ಮುಂದೆ ತಂಟೆ ಹುಟ್ಟುವುದು.

ಮೊದಲು ಮನುಷ್ಯನ ಉಂಗುರವನ್ನು ನೋಡೋಣ. ಗಾತ್ರ ಚಿಕ್ಕದು, ಲೆಕ್ಕ ಚೊಕ್ಕ.

ಒಂದು ಕೋಶದಲ್ಲಿ ಇಂಥ ಉಂಗುರಗಳ ನೂರಾರು, ಕೆಲವೆಡೆ ಸಾವಿರಾರು ಪ್ರತಿಗಳಿರುತ್ತವೆ. ಅವು ಬೆತ್ತಲಾಗಿ ತೇಲುವುದಿಲ್ಲ. ಟಿಎಫ್‌ಎಎಂ ಎಂಬ ಪ್ರೊಟೀನ್ ಅವುಗಳ ಮೇಲೆ ಒತ್ತೊತ್ತಾಗಿ ಕೂತು, ಡಿಎನ್‌ಎಯನ್ನು ಅಲ್ಲಲ್ಲಿ ಹಿಂದಕ್ಕೆ ಮಡಿಚಿ, ಸುಮಾರು 100 ನ್ಯಾನೊಮೀಟರ್ ಗಾತ್ರದ ಗಂಟಾಗಿ ಕಟ್ಟುತ್ತದೆ. ಒಂದು ಉಂಗುರಕ್ಕೆ ಸುಮಾರು ಸಾವಿರ ಟಿಎಫ್‌ಎಎಂ ಅಣುಗಳು ಬೇಕಾಗುತ್ತವೆ. ಇದೇ ಪ್ರೊಟೀನ್ ಓದು ಶುರುವಾಗುವ ಜಾಗದಲ್ಲಿ ಕೂತಾಗ ಇನ್ನೊಂದು ಕೆಲಸ ಮಾಡುತ್ತದೆ: ಡಿಎನ್‌ಎ ಓದಿ ಅದರ ಆರ್‌ಎನ್‌ಎ ಪ್ರತಿ ಬರೆಯುವ ಕಿಣ್ವವನ್ನು ಕರೆದು ಕೂರಿಸುತ್ತದೆ. ಹಾಗಾಗಿ ಇದರ ಪ್ರಮಾಣವೇ ಒಂದು ಹಿಡಿತ. ಕಡಿಮೆಯಾದರೆ ಉಂಗುರಗಳು ಉಳಿಯುವುದಿಲ್ಲ. ಟಿಎಫ್‌ಎಎಂ ಪೂರ್ತಿ ತೆಗೆದ ಇಲಿಮರಿಗಳು ಗರ್ಭದಲ್ಲೇ ಸಾಯುತ್ತವೆ ಎಂದು ಸ್ವೀಡನ್ನಿನ ನಿಲ್ಸ್-ಗೊರಾನ್ ಲಾರ್ಸನ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಮಿತಿಮೀರಿ ಹೆಚ್ಚಿದರೆ ಗಂಟು ಬಿಗಿಯಾಗಿ ಯಾವ ಕಿಣ್ವವೂ ಒಳಹೋಗಲಾಗದೆ ಓದು, ನಕಲು ಎರಡೂ ನಿಲ್ಲುತ್ತವೆ. ಡಿಎನ್‌ಎಯಿಂದ ಕಳಚಿಬಿದ್ದ ಟಿಎಫ್‌ಎಎಂ ಅನ್ನು ಲಾನ್ ಎಂಬ ಕಿಣ್ವ ಕಡಿದುಹಾಕುತ್ತದೆ.

ಓದುವ ಕಿಣ್ವ ಬ್ಯಾಕ್ಟೀರಿಯದ ಕಿಣ್ವವನ್ನು ಹೋಲುವುದಿಲ್ಲ. ಬ್ಯಾಕ್ಟೀರಿಯವನ್ನು ತಿನ್ನುವ ಟಿ7 ಎಂಬ ವೈರಸ್ಸಿನ ಕಿಣ್ವಕ್ಕೆ ಅದು ಹತ್ತಿರದ ನಂಟು. ಹಳೆಯ ಯಂತ್ರ ಎಲ್ಲಿ ಹೋಯಿತು, ವೈರಸ್ಸಿನದು ಯಾಕೆ ಬಂತು ಎಂಬುದು ಬೇರೆಯೇ ಕಥೆ. ಇಲ್ಲಿ ಮುಖ್ಯವಾದದ್ದು ಈ ಒಂದೇ ಕಿಣ್ವ ಓದನ್ನೂ ಶುರುಮಾಡುತ್ತದೆ, ನಕಲಿಗೂ ನಾಂದಿ ಹಾಡುತ್ತದೆ ಎಂಬುದು. ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಗಾಮಾ ಖಾಲಿ ಜಾಗದಿಂದ ಬರೆಯಲಾರದು. ಅದಕ್ಕೆ ಹಿಡಿದುಕೊಂಡು ಮುಂದುವರಿಯಲು ಒಂದು ತುಂಡು ಆರ್‌ಎನ್‌ಎ ಬೇಕು. ಓದುವ ಕಿಣ್ವ ನೂರರಷ್ಟು ಅಕ್ಷರ ಬರೆಯುತ್ತಿದ್ದಂತೆ ಗ್ವಾನಿನ್ ಎಂಬ ಅಕ್ಷರ ತುಂಬಿದ ಒಂದು ಜಾಗ ಬರುತ್ತದೆ. ಅಲ್ಲಿ ಎಳೆಗಳು ಸುತ್ತಿಕೊಂಡು ನಾಲ್ಕು ಮೂಲೆಯ ಗಂಟು ಬೀಳುತ್ತದೆ, ಕಿಣ್ವ ಎಡವಿ ನಿಲ್ಲುತ್ತದೆ. ನಿಂತಲ್ಲಿ ಉಳಿದ ತುಂಡೇ ನಕಲಿನ ಮೊದಲ ಹಿಡಿ. ಟಿಇಎಫ್‌ಎಂ ಎಂಬ ಇನ್ನೊಂದು ಪ್ರೊಟೀನ್ ಜೊತೆಗೂಡಿದರೆ ಮಾತ್ರ ಕಿಣ್ವ ಎಡವದೆ ದಾಟಿ ಉಂಗುರದ ಉದ್ದಕ್ಕೂ ಓದಿಕೊಂಡು ಹೋಗುತ್ತದೆ. ಎಂದರೆ ಈ ಸಂಗಾತಿ ಇದ್ದರೆ ಓದು, ಇಲ್ಲದಿದ್ದರೆ ನಕಲು ಎಂಬ ವಿವರಣೆಯೊಂದಿದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಚಂದ ಕಾಣುವುದು ಇದೇ ಕವಲು.

ನಕಲು ಶುರುವಾದ ಮೇಲೆ ಟ್ವಿಂಕಲ್ ಎಂಬ ಪ್ರೊಟೀನ್ ಮುಂದೆ ಮುಂದೆ ಎರಡೆಳೆಗಳನ್ನು ಬಿಡಿಸುತ್ತ ಹೋಗುತ್ತದೆ. ಬಿಡಿಯಾದ ಎಳೆ ಹಾಳಾಗದಂತೆ ಇನ್ನೊಂದು ಪ್ರೊಟೀನ್ ಹೊದಿಕೆಯಾಗುತ್ತದೆ. ಪಾಲಿಮರೇಸ್ ಗಾಮಾ ಬರೆಯುತ್ತದೆ, ತಪ್ಪು ಬಿದ್ದರೆ ಹಿಂದಿರುಗಿ ಅಳಿಸುತ್ತದೆ. ಆ ಅಳಿಸುವ ಶಕ್ತಿಯನ್ನು ಮಾತ್ರ ಕಿತ್ತುಹಾಕಿದ ಇಲಿಗಳ ವಿವರ 2004ರಲ್ಲಿ ಪ್ರಕಟವಾಯಿತು: ಬೇಗ ಕೂದಲು ಉದುರಿ, ಬೆನ್ನು ಗೂನಾಗಿ, ಅಕಾಲ ಮುಪ್ಪಿನಿಂದ ಸತ್ತವು. ಮನುಷ್ಯರಲ್ಲೂ ಈ ಕಿಣ್ವದ ವಂಶವಾಹಿ ಕೆಟ್ಟವರಿದ್ದಾರೆ. ಫಿಟ್ಸ್‌ಗೆ ಸಾಮಾನ್ಯವಾಗಿ ಕೊಡುವ ವಾಲ್‌ಪ್ರೊಯೇಟ್ ಔಷಧ ಅಂಥವರ ಯಕೃತ್ತಿಗೆ ಪ್ರಾಣಾಂತಕವಾಗಬಹುದು. ಕುಟುಂಬದಲ್ಲಿ ಇಂಥ ಕಾಯಿಲೆಯ ಅನುಮಾನವಿದ್ದರೆ ಔಷಧ ಬರೆಯುವ ಮೊದಲೇ ವೈದ್ಯರಿಗೆ ಹೇಳಬೇಕು. ಈಗಾಗಲೇ ನುಂಗುತ್ತಿರುವವರು ಇದನ್ನು ಓದಿ ತಾವಾಗಿ ನಿಲ್ಲಿಸಬಾರದು. ಅದರ ಅಪಾಯವೇ ಬೇರೆ.

ನಮ್ಮಲ್ಲೇ ನಡೆದ ಕೆಲಸವನ್ನೂ ಇಲ್ಲಿ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಗಣೇಶ್ ನಾಗರಾಜು ಅವರ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ಆರ್‌ಎಡಿ51ಸಿ ಮತ್ತು ಎಕ್ಸ್‌ಆರ್‌ಸಿಸಿ3 ಎಂಬ ಜೋಡಿ ಪ್ರೊಟೀನ್. ಕೋಶಕೇಂದ್ರದಲ್ಲಿ ಮುರಿದ ಡಿಎನ್‌ಎ ರಿಪೇರಿಗೆ ಹೆಸರಾದ ಜೋಡಿ ಇದು. ಅದೇ ಜೋಡಿ ಮೈಟೊಕಾಂಡ್ರಿಯದ ಡಿಎನ್‌ಎಯ ನಿಯಂತ್ರಣ ಭಾಗದಲ್ಲಿ ಪಾಲಿಮರೇಸ್ ಗಾಮಾದ ಪಕ್ಕದಲ್ಲೇ ಕೂತಿರುತ್ತದೆ, ಅಲ್ಲಿಗೆ ಬರಲು ಟ್ವಿಂಕಲ್ ಬೇಕು, ಈ ಜೋಡಿ ಇಲ್ಲದಿದ್ದರೆ ಪಾಲಿಮರೇಸ್ ಗಾಮಾ ಡಿಎನ್‌ಎ ಮೇಲೆ ನಿಲ್ಲಲಾರದೆ ನಕಲು ಕುಗ್ಗುತ್ತದೆ ಎಂದು ಅವರು ತೋರಿಸಿದರು.

ಅದೇ ವಿಭಾಗದ ಸತೀಸ್ ರಾಘವನ್ ಅವರ ತಂಡ 2016ರಲ್ಲಿ ಇನ್ನೊಂದು ತುದಿಯಿಂದ ಹೊರಟಿತ್ತು. ಮೈಟೊಕಾಂಡ್ರಿಯದ ಡಿಎನ್‌ಎಯ ಎರಡೂ ಎಳೆ ತುಂಡಾದರೆ ಜೋಡಿಸುವುದು ಹೇಗೆ? ಇಲಿಯ ಅಂಗಾಂಶಗಳಿಂದ ತೆಗೆದ ಮೈಟೊಕಾಂಡ್ರಿಯದ ಸಾರವನ್ನು ಬಳಸಿ ನೋಡಿದಾಗ, ಕೋಶಕೇಂದ್ರದಲ್ಲಿ ಸಾಮಾನ್ಯವಾದ ತುದಿಗೆ ತುದಿ ಬೆಸೆಯುವ ವಿಧಾನ ಇಲ್ಲಿ ಕಾಣಲಿಲ್ಲ. ಎರಡೂ ತುಂಡುಗಳಲ್ಲಿ ಹೊಂದುವ ಕೆಲವೇ ಅಕ್ಷರಗಳ ಚೂರು ಹುಡುಕಿ, ಅಲ್ಲಿ ಅಂಟಿಸಿ, ನಡುವಿನದನ್ನು ಎಸೆದುಬಿಡುವ ವಿಧಾನ ಪ್ರಧಾನವಾಗಿತ್ತು. ಹೀಗೆ ಜೋಡಿಸಿದಾಗಲೆಲ್ಲ ನಡುವಿನ ಪಾಠ ಕಳೆಯುತ್ತದೆ. ಮುಂದೆ 2022ರಲ್ಲಿ ಅದೇ ತಂಡ, ಗ್ವಾನಿನ್ ತುಂಬಿದ ಜಾಗದ ನಾಲ್ಕು ಮೂಲೆಯ ಗಂಟುಗಳನ್ನು ಎಂಡೊನ್ಯೂಕ್ಲಿಯೇಸ್ ಜಿ ಎಂಬ ಕಿಣ್ವ ಗುರುತಿಸಿ ಕತ್ತರಿಸುತ್ತದೆ ಎಂದೂ ತೋರಿಸಿತು. ನಕಲಿಗೆ ನೆರವಾಗುವ ಬಗೆಯ ಗಂಟೇ ಇನ್ನೊಂದು ಕಡೆ ಮುರಿತಕ್ಕೂ ದಾರಿಯಾಗುತ್ತದೆ.

ಮುರಿದದ್ದನ್ನು ಒರಟಾಗಿ ಜೋಡಿಸುವ ಈ ಗುಣವನ್ನು ನೆನಪಿಟ್ಟುಕೊಂಡು ಜೋಳಕ್ಕೆ ಮರಳಬಹುದು.

ಗಿಡಗಳಲ್ಲಿ ಮುರಿದು ಕೂಡುವುದು ಇನ್ನೂ ಹೆಚ್ಚು. ಅವುಗಳ ಮೈಟೊಕಾಂಡ್ರಿಯದ ಡಿಎನ್‌ಎ ಚೊಕ್ಕ ಉಂಗುರವಾಗಿರುವುದು ನಕ್ಷೆಯಲ್ಲಿ ಮಾತ್ರ. ಕೋಶದಲ್ಲಿ ಅದು ಕವಲೊಡೆದ, ತುಂಡಾದ, ಒಂದಕ್ಕೊಂದು ಹೆಣೆದ ಎಳೆಗಳಾಗಿರುತ್ತದೆ. ಎಂಎಸ್‌ಎಚ್1 ಎಂಬ ಕೋಶಕೇಂದ್ರದ ಪ್ರೊಟೀನ್ ತಪ್ಪು ಜಾಗದಲ್ಲಿ ಎಳೆಗಳು ಕೂಡದಂತೆ ಕಾಯುತ್ತದೆ. ಅಮೆರಿಕದ ಸ್ಯಾಲಿ ಮೆಕೆಂಝಿ ಅವರ ತಂಡ ತಂಬಾಕು ಮತ್ತು ಟೊಮ್ಯಾಟೊ ಗಿಡಗಳಲ್ಲಿ ಈ ಪ್ರೊಟೀನನ್ನು ಅಡಗಿಸಿ ನೋಡಿ 2007ರಲ್ಲಿ ಪ್ರಕಟಿಸಿತು: ಮೈಟೊಕಾಂಡ್ರಿಯದ ಡಿಎನ್‌ಎ ಅದಲುಬದಲಾಗಿ ಪರಾಗವಿಲ್ಲದ ಗಿಡಗಳು ಹುಟ್ಟಿದವು. ಕಾವಲು ತಪ್ಪಿದಾಗ ಒಂದು ವಂಶವಾಹಿಯ ತಲೆಗೆ ಇನ್ನೊಂದರ ಬಾಲ ಅಂಟಿ, ಎಂದೂ ಇಲ್ಲದ ಹೊಸ ವಂಶವಾಹಿ ಆಗಿಬಿಡುತ್ತದೆ. ಬಹುಪಾಲು ಇಂಥವು ಕೆಲಸಕ್ಕೆ ಬಾರವು. ಕೆಲವು ಮಾತ್ರ ಒಂದು ವಿಚಿತ್ರ ಪ್ರೊಟೀನ್ ಮಾಡುತ್ತವೆ, ಅದು ಮೈಟೊಕಾಂಡ್ರಿಯದ ಕೆಲಸಕ್ಕೆ ಅಡ್ಡ ಬರುತ್ತದೆ.

ಅಡ್ಡ ಬಂದರೆ ಇಡೀ ಗಿಡ ಸೊರಗಬೇಕಲ್ಲ, ಪರಾಗ ಮಾತ್ರ ಯಾಕೆ? ಪರಾಗಕೋಶದ ಒಳಪದರವೇ ಬೆಳೆಯುವ ಪರಾಗಕ್ಕೆ ಉಣಿಸುವುದು. ಆ ಪದರದ ಕೋಶಗಳಲ್ಲಿ ಕೆಲವೇ ದಿನಗಳಲ್ಲಿ ಮೈಟೊಕಾಂಡ್ರಿಯಗಳ ಸಂಖ್ಯೆ ವಿಪರೀತ ಏರುತ್ತದೆ. ಮೆಕ್ಕೆಜೋಳದಲ್ಲಿ ಎಣಿಸಿದವರು 40 ಪಟ್ಟು ಎಂದಿದ್ದಾರೆ. ಗಿಡದ ಬದುಕಿನಲ್ಲಿ ಮೈಟೊಕಾಂಡ್ರಿಯದ ಮೇಲೆ ಇಷ್ಟು ಹೊರೆ ಬೀಳುವ ಗಳಿಗೆ ಇನ್ನೊಂದಿಲ್ಲ. ಎಲೆಯಲ್ಲಿ, ಬೇರಿನಲ್ಲಿ ಹೇಗೋ ನಡೆದುಹೋಗುವ ಕುಂದು ಇಲ್ಲಿ ಬಯಲಾಗುತ್ತದೆ. ಒಳಪದರ ಕುಸಿಯುತ್ತದೆ, ಪರಾಗ ಉಪವಾಸ ಸಾಯುತ್ತದೆ.

1954ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಸ್ಟೀಫನ್ಸ್ ಮತ್ತು ಹಾಲಂಡ್ ಎಂಬಿಬ್ಬರು ಮೈಲೋ ಎಂಬ ಜೋಳವನ್ನು ತಾಯಿಯಾಗಿಟ್ಟು, ಕಾಫಿರ್ ಎಂಬ ಜೋಳದ ಪರಾಗ ಹಾಕಿ, ಬಂದ ಸಂತತಿಗೆ ಮತ್ತೆ ಮತ್ತೆ ಕಾಫಿರ್ ಪರಾಗವನ್ನೇ ಹಾಕುತ್ತ ಹೋದಾಗ ಪರಾಗವಿಲ್ಲದ ಗಿಡ ಸಿಕ್ಕಿತು. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಈ ಗಿಡಕ್ಕೆ ಮೈಲೋದ ಮೈಟೊಕಾಂಡ್ರಿಯ ಉಳಿಯಿತು, ಕೋಶಕೇಂದ್ರ ಮಾತ್ರ ಕಾಫಿರ್‌ನದಾಯಿತು. ಮೈಲೋದ ಮೈಟೊಕಾಂಡ್ರಿಯದಲ್ಲಿ ಕುಂದು ಮೊದಲಿನಿಂದಲೂ ಇತ್ತು. ಮೈಲೋದ ಕೋಶಕೇಂದ್ರ ಅದನ್ನು ಅದುಮಿಟ್ಟಿತ್ತು. ಕಾಫಿರ್‌ಗೆ ಅದುಮಲು ಬರಲಿಲ್ಲ, ಅಷ್ಟೇ. 1964ರಲ್ಲಿ ಭಾರತದಲ್ಲಿ ಬಿಡುಗಡೆಯಾದ ಮೊದಲ ಹೈಬ್ರಿಡ್ ಜೋಳ ಸಿಎಸ್ಎಚ್-1ರಿಂದ ಹಿಡಿದು ಇಂದಿನ ಹೆಚ್ಚುಕಡಿಮೆ ಎಲ್ಲ ಹೈಬ್ರಿಡ್‌ಗಳ ಫಿಮೇಲ್ ಸಾಲು ಈ ಮೈಲೋ ಮೈಟೊಕಾಂಡ್ರಿಯದ್ದೇ. ತಳಿ ತಜ್ಞರ ಭಾಷೆಯಲ್ಲಿ ಎ1.

ಜೋಳದ ಹೂವು ದ್ವಿಲಿಂಗಿ, ಬಲು ಸಣ್ಣದು. ಒಂದು ತೆನೆಯಲ್ಲಿ ಸಾವಿರಾರು. ಕೈಯಿಂದ ಗಂಡು ಭಾಗ ಕಿತ್ತು ಎಕರೆಗಟ್ಟಲೆ ಹೈಬ್ರಿಡ್ ಬೀಜ ಮಾಡುವುದು ಆಗದ ಮಾತು. ಪರಾಗವಿಲ್ಲದ ತಾಯಿ ಸಿಕ್ಕಿದ್ದರಿಂದಲೇ ಜೋಳದ ಹೈಬ್ರಿಡ್ ಉದ್ಯಮ ನಿಂತಿತು.

ಆದರೆ ರೈತನ ಹೊಲದಲ್ಲಿ ಅದೇ ಹೈಬ್ರಿಡ್ ಕಾಳು ಕಟ್ಟಬೇಕಲ್ಲ? ಮೇಲ್ ಸಾಲಿನಿಂದ ಬರುವ ಕೋಶಕೇಂದ್ರದಲ್ಲಿ ಕುಂದನ್ನು ಅದುಮುವ ವಂಶವಾಹಿ ಇರಲೇಬೇಕು. ಅದನ್ನು ಆರ್‌ಎಫ್ ಎಂದು ಗುರುತಿಸುತ್ತಾರೆ, ಮೇಲ್ ಸಾಲಿಗೆ ಆರ್ ಲೈನ್ ಎಂಬ ಹೆಸರು ಬಂದದ್ದು ಅದರಿಂದ. ಫಿಮೇಲ್ ಸಾಲು ಎ ಲೈನ್. ಅದನ್ನು ವರ್ಷ ವರ್ಷ ಉಳಿಸಿಕೊಳ್ಳಲು, ಅದೇ ಕೋಶಕೇಂದ್ರವಿದ್ದು ಮೈಟೊಕಾಂಡ್ರಿಯ ಸರಿಯಿರುವ ಬಿ ಲೈನ್ ಇರುತ್ತದೆ.

ಆರ್‌ಎಫ್ ಏನು ಮಾಡುತ್ತದೆ ಎಂಬುದು ಸಹಸ್ರಮಾನದ ಆಚೀಚೆ ಬಿಡಿಸಿಕೊಂಡ ಒಗಟು. ಭತ್ತ, ಮೂಲಂಗಿ, ಪೆಟೂನಿಯ, ಜೋಳ, ಎಲ್ಲಿ ಹುಡುಕಿದರೂ ಬಹುಪಾಲು ಒಂದೇ ಕುಟುಂಬದ ಪ್ರೊಟೀನ್ ಸಿಕ್ಕಿತು. ಅದರ ಹೆಸರು ಪಿಪಿಆರ್. ಸುಮಾರು 35 ಅಮೈನೊ ಆಮ್ಲಗಳ ಒಂದು ಮಡಿಕೆ ಮತ್ತೆ ಮತ್ತೆ ಬಂದು ಸರಪಳಿಯಾಗಿರುತ್ತದೆ. ಜಪಮಾಲೆಯ ಮಣಿಗೆ ಒಂದು ನಾಮ ಎಂಬಂತೆ, ಒಂದೊಂದು ಮಡಿಕೆ ಆರ್‌ಎನ್‌ಎಯ ಒಂದೊಂದು ಅಕ್ಷರವನ್ನು ಹಿಡಿಯುತ್ತದೆ. ಯಾವ ಮಡಿಕೆ ಯಾವ ಅಕ್ಷರ ಹಿಡಿಯಬೇಕೆಂಬುದನ್ನು ಮಡಿಕೆಯೊಳಗಿನ ಎರಡು ಅಮೈನೊ ಆಮ್ಲಗಳು ನಿರ್ಧರಿಸುತ್ತವೆ. ಈ ಸಂಕೇತವನ್ನು ಆಲಿಸ್ ಬಾರ್ಕನ್ ಮತ್ತು ಸಂಗಡಿಗರು 2012ರಲ್ಲಿ ಬಿಡಿಸಿದರು. ಹೀಗೆ ಪಿಪಿಆರ್ ಪ್ರೊಟೀನ್ ಮೈಟೊಕಾಂಡ್ರಿಯದೊಳಗೆ ಹೋಗಿ ತನಗೆ ಹೊಂದುವ ಆರ್‌ಎನ್‌ಎಯನ್ನೇ ಹುಡುಕಿ ಹಿಡಿಯುತ್ತದೆ. ಡಿಎನ್‌ಎಯಲ್ಲಿನ ಕುಂದು ಹಾಗೇ ಇರುತ್ತದೆ, ಅದರ ಆರ್‌ಎನ್‌ಎ ಪ್ರತಿಯೂ ಬರುತ್ತದೆ, ಆ ಪ್ರತಿಯಿಂದ ಪ್ರೊಟೀನ್ ಮಾತ್ರ ಆಗದಂತೆ ತಡೆ ಬೀಳುತ್ತದೆ. ಎ3 ಎಂಬ ಇನ್ನೊಂದು ಬಗೆಯ ಜೋಳದಲ್ಲಿ ಓಆರ್‌ಎಫ್107 ಎಂಬ ಕಿಡಿಗೇಡಿ ವಂಶವಾಹಿಯ ಆರ್‌ಎನ್‌ಎ, ಆರ್‌ಎಫ್3 ಇದ್ದಾಗ ನಡುವೆ ಕತ್ತರಿಸಿಹೋಗುತ್ತದೆ ಎಂಬುದು 1996ರಷ್ಟು ಹಿಂದೆಯೇ ಕಂಡಿತ್ತು. ಮೈಲೋ ಬಗೆಯ ಕುಂದನ್ನು ಸರಿಪಡಿಸುವ ಆರ್‌ಎಫ್1 ಕೂಡ ಪಿಪಿಆರ್ ಎಂದು ಕ್ಲೈನ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಆರ್‌ಎಫ್6 ಎಂಬ ಇನ್ನೊಂದರ ಜಾಗವನ್ನು 2015ರಲ್ಲಿ ಗುರುತಿಸಿದ್ದು ಹೈದರಾಬಾದಿನ ಜೋಳ ಸಂಶೋಧಕರು.

ಮನುಷ್ಯನಲ್ಲಿ ಪಿಪಿಆರ್ ಪ್ರೊಟೀನ್‌ಗಳು 7. ಗಿಡಗಳಲ್ಲಿ 400ಕ್ಕೂ ಮೇಲೆ. ವ್ಯತ್ಯಾಸಕ್ಕೆ ಒಂದು ಕಾರಣ ಹೀಗಿದೆ. ನಮ್ಮ ಉಂಗುರ ಚಿಕ್ಕದು, ಬಿಗಿ. ಗಿಡದ ಮೈಟೊಕಾಂಡ್ರಿಯದಲ್ಲಿ ಓದು ಸಡಿಲ, ಬೇಕಾದದ್ದೂ ಬೇಡದ್ದೂ ಓದಿಹೋಗುತ್ತದೆ. ಓದಿದ ಮೇಲೆ ಕತ್ತರಿಸಿ, ತಿದ್ದಿ, ಅಕ್ಷರ ಬದಲಿಸಿ, ಬೇಡದ್ದನ್ನು ತಡೆಯುವ ಕೆಲಸಕ್ಕೆ ಅಷ್ಟೊಂದು ಕೈ ಬೇಕಾಗಿವೆ.

ಇನ್ನು ಹಿಂಗಾರಿಗೆ ಬರೋಣ. ಎರೆಭೂಮಿಯಲ್ಲಿ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ಕೂರಿಗೆ ಹೂಡುತ್ತಾರೆ, ನೆಲದೊಳಗಿನ ಹಸಿಯ ಮೇಲೆಯೇ ಬೆಳೆ ಬರಬೇಕು. ಹೊಡೆ ಹಾಯುವುದು, ಹೂ ಬಿಡುವುದು ನವೆಂಬರ್ ಕೊನೆಯಿಂದ ಡಿಸೆಂಬರ್ ಒಳಗೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರು ನೋಡುವ ತೆನೆ ಆಗಷ್ಟೇ ಈ ಹಂತ ದಾಟಿರುತ್ತದೆ, ಅಥವಾ ತಡವಾಗಿ ಬಿತ್ತಿದ್ದರೆ ಇನ್ನೂ ಅದರಲ್ಲೇ ಇರುತ್ತದೆ. ಪರಾಗ ತಯಾರಾಗುವುದು ತೆನೆ ಇನ್ನೂ ಹೊಡೆಯೊಳಗಿದ್ದಾಗ. ಚಳಿ ಏರುವ ಕಾಲವೂ ಅದೇ. ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿದರೆ ಮೈಲೋ ಮೈಟೊಕಾಂಡ್ರಿಯ ಹೊತ್ತ ಹೈಬ್ರಿಡ್‌ಗಳಲ್ಲಿ ಪರಾಗ ಪೂರ್ತಿ ಮರಳುವುದಿಲ್ಲ ಎಂಬುದು ತಳಿ ತಜ್ಞರಿಗೆ ಬಹುಕಾಲದಿಂದ ತಿಳಿದ ತಲೆನೋವು. ಆರ್ ಲೈನ್‌ನಲ್ಲಿ ಆರ್‌ಎಫ್‌ನ ಎರಡು ಪ್ರತಿ ಇದ್ದರೆ ಹೈಬ್ರಿಡ್‌ನಲ್ಲಿ ಇರುವುದು ಒಂದೇ ಪ್ರತಿ. ಅದು ಪೂರ್ಣ ಕೆಲಸ ಮಾಡಲು ಕೋಶಕೇಂದ್ರದ ಇತರ ವಂಶವಾಹಿಗಳ ನೆರವೂ ಬೇಕು. ಬೇಸಿಗೆಯಲ್ಲಿ, ಮುಂಗಾರಿನಲ್ಲಿ ತುಂಬಿ ಕಾಳು ಕಟ್ಟಿದ ಹೈಬ್ರಿಡ್ಡೇ ಚಳಿಯಲ್ಲಿ ಅರ್ಧ ಜೊಳ್ಳು ತೆನೆ ಕೊಡಬಹುದು. ಪರಾಗ ಸಿಗದೆ ತೆರೆದೇ ಉಳಿದ ಹೂವಿಗೆ ಎರ್ಗಟ್ ಶಿಲೀಂಧ್ರ ನುಗ್ಗುವುದೂ ಸುಲಭ. ತೆನೆಯಿಂದ ಜೇನಿನಂಥ ಅಂಟು ತೊಟ್ಟಿಕ್ಕುವ ರೋಗ ಅದು. ಮಾಲದಂಡಿಗೆ ಈ ತೊಂದರೆಯಿಲ್ಲ. ಅದು ಹೈಬ್ರಿಡ್ ಅಲ್ಲ, ಅದರ ಮೈಟೊಕಾಂಡ್ರಿಯಕ್ಕೂ ಕೋಶಕೇಂದ್ರಕ್ಕೂ ಹೊಂದಿಕೆ ತಪ್ಪಿಲ್ಲ. ರೈತ ಹೈಬ್ರಿಡ್ ಒಲ್ಲೆ ಎಂದಾಗ ಅವನನ್ನು ಹಳೆಯ ಕಾಲದವನು ಎಂದವರಿದ್ದಾರೆ. ಅವನ ಕಡೆ ಒಳ್ಳೆಯ ಜೀವರಸಾಯನವೇ ಇತ್ತು.

ಮಾಲದಂಡಿಯ ಕಥೆಗೆ ಇನ್ನೊಂದು ಮಗ್ಗುಲಿದೆ. ಮೈಲೋವನ್ನು ಬಿಟ್ಟು ಭಾರತದ ಜೋಳಗಳಲ್ಲೇ ತಾನಾಗಿ ಹುಟ್ಟಿದ ಪರಾಗವಿಲ್ಲದ ಗಿಡಗಳು 1960ರ ದಶಕದಿಂದ ಸಂಶೋಧಕರ ಕಣ್ಣಿಗೆ ಬಿದ್ದವು. ಮಾಲದಂಡಿ ಮೂಲದ್ದೂ ಅದರಲ್ಲೊಂದು. ಈಗ ಅದನ್ನು ಎ4 ಗುಂಪಿಗೆ ಸೇರಿಸಿ ಮಾಲದಂಡಿ ಕೋಶರಸ (ಮೈಟೊಕಾಂಡ್ರಿಯ ಇರುವ, ಕೋಶಕೇಂದ್ರದ ಹೊರಗಿನ ಭಾಗ) ಎನ್ನುತ್ತಾರೆ. ಹೊಲದ ಮಾಲದಂಡಿಯೆಲ್ಲ ಹೀಗಿದೆ ಎಂದಲ್ಲ, ಅದರೊಳಗಿಂದ ಇಂಥ ಒಂದು ಮೂಲ ಸಿಕ್ಕಿದೆ ಎಂದಷ್ಟೆ. ಪ್ರಪಂಚದ ಹೈಬ್ರಿಡ್ ಜೋಳ ಹೆಚ್ಚುಕಡಿಮೆ ಎಲ್ಲವೂ ಒಂದೇ ಮೈಲೋ ಮೈಟೊಕಾಂಡ್ರಿಯದ ಮೇಲೆ ನಿಂತಿರುವುದು ಅಪಾಯ ಎನ್ನುವವರಿಗೆ ಎ4 ಬೇಕಾಗಿದೆ. ಅವರ ಭಯಕ್ಕೆ ಆಧಾರ 1970ರ ಅಮೆರಿಕ. ಅಲ್ಲಿನ ಮೆಕ್ಕೆಜೋಳದ ಬಹುಪಾಲು ಟೆಕ್ಸಸ್ ಮೂಲದ ಒಂದೇ ಪರಾಗವಿಲ್ಲದ ತಾಯಿಯಿಂದ ಬಂದಿತ್ತು. ಪರಾಗ ಕೊಲ್ಲುವ ಯುಆರ್‌ಎಫ್13 ಎಂಬ ಅದೇ ಮೈಟೊಕಾಂಡ್ರಿಯದ ಪ್ರೊಟೀನ್ ಎಲೆಯಂಗಮಾರಿ ಶಿಲೀಂಧ್ರವೊಂದರ ವಿಷಕ್ಕೂ ಬಾಗಿಲಾಯಿತು. ಒಂದೇ ವರ್ಷದಲ್ಲಿ ದೇಶದ ಬೆಳೆಯ ಸುಮಾರು ಶೇ. 15 ಹೋಯಿತು. ಎ4 ಬಳಕೆಗೆ ಬಾರದಿರಲು ಕಾರಣವೂ ಪ್ರೊಟೀನೇ: ಮೈಲೋದ ಕುಂದನ್ನು ಅದುಮುವ ತಳಿಗಳು ಬೇಕಾದಷ್ಟು, ಮಾಲದಂಡಿ ಕೋಶರಸದ ಕುಂದನ್ನು ಅದುಮುವ ತಳಿಗಳು ವಿರಳ. ಬೇರೆ ಆರ್‌ಎನ್‌ಎಗೆ ಬೇರೆಯೇ ಪಿಪಿಆರ್ ಬೇಕು.

ಇಷ್ಟು ತಿಳಿದವರಿಗೆ ಹೊಲದಲ್ಲಿ ಎರಡು ಉಪಯೋಗವಿದೆ.

ಒಂದು, ಹೈಬ್ರಿಡ್‌ನ ಕಾಳನ್ನೇ ಮುಂದಿನ ವರ್ಷಕ್ಕೆ ಬೀಜವಾಗಿ ಇಡಬಾರದು ಎನ್ನುವುದರ ಲೆಕ್ಕ. ಹೈಬ್ರಿಡ್ ಗಿಡದ ಮೈಟೊಕಾಂಡ್ರಿಯವೆಲ್ಲ ಕುಂದಿನದೇ. ಕೋಶಕೇಂದ್ರದಲ್ಲಿ ಆರ್‌ಎಫ್ ಒಂದೇ ಪ್ರತಿ ಇರುವುದರಿಂದ, ಅದು ಒಂದೇ ವಂಶವಾಹಿಯ ಕೆಲಸವೆಂದು ಹಿಡಿದರೂ, ಸಂತತಿಯಲ್ಲಿ ನಾಲ್ಕರಲ್ಲಿ ಒಂದು ಗಿಡಕ್ಕೆ ಆರ್‌ಎಫ್ ಸಿಗುವುದೇ ಇಲ್ಲ. ಆ ಕಾಲು ಭಾಗ ಸ್ವಂತ ಪರಾಗವಿಲ್ಲದೆ ನಿಲ್ಲುತ್ತದೆ. ಉಳಿದವುಗಳ ಎತ್ತರ, ತೆನೆ, ಮಾಗುವ ಕಾಲ ಹೇಗೂ ಚೆಲ್ಲಾಪಿಲ್ಲಿ. ಮಾಲದಂಡಿಯನ್ನಾದರೋ ಒಳ್ಳೆಯ ತೆನೆ ಆಯ್ದು ಮನೆಯಲ್ಲೇ ಇಡಬಹುದು.

ಇನ್ನೊಂದು, ಹೊಸ ಹಿಂಗಾರಿ ಹೈಬ್ರಿಡ್ ಹಾಕಿದವರು ಸ್ವತಃ ಮಾಡಬಹುದಾದ ಪರೀಕ್ಷೆ. ಅಕ್ಕಲಕೋಟೆ, ದುಧನಿ, ಮೈಂದರ್ಗಿ ಕಡೆ ಸುತ್ತಲಿನ ಹೊಲಗಳಲ್ಲಿ ಮಾಲದಂಡಿಯೇ ಹೆಚ್ಚು. ಅದರ ಪರಾಗ ಗಾಳಿಯಲ್ಲಿ ಬಂದು ಹೈಬ್ರಿಡ್ ತೆನೆಗೂ ಬೀಳುವುದರಿಂದ, ಹೈಬ್ರಿಡ್‌ನ ಸ್ವಂತ ಪರಾಗ ಕೆಟ್ಟಿದ್ದರೂ ಕಾಳು ಕಟ್ಟಿದಂತೆ ಕಾಣುತ್ತದೆ, ದೋಷ ಮುಚ್ಚಿಹೋಗುತ್ತದೆ. ಬಿತ್ತನೆಯ ದಿನ ಹಿಂದೆ ಮುಂದೆ ಆಗಿ ಪಕ್ಕದ ಹೊಲದ ಹೂ ಮುಗಿದಿದ್ದರೆ ಮಾತ್ರ ಜೊಳ್ಳು ಬಯಲಾಗುವುದು. ಹಾಗಾಗಿ ತೆನೆ ಹೊಡೆಯಿಂದ ಹೊರಬಂದು ತುದಿಯ ಹೂ ಅರಳುವ ಮೊದಲೇ ಹೊಲದ ಬೇರೆ ಬೇರೆ ಕಡೆ ಹತ್ತಿಪ್ಪತ್ತು ತೆನೆಗಳಿಗೆ ಕಾಗದದ ಚೀಲ ಹಾಕಿ ಬುಡದಲ್ಲಿ ಕಟ್ಟಬೇಕು. ಪ್ಲಾಸ್ಟಿಕ್ ಬೇಡ, ಒಳಗೆ ಬೆವರಿ ಬೂಷ್ಟು ಬರುತ್ತದೆ. ಜೋಳದ ತೆನೆ ತುದಿಯಿಂದ ಕೆಳಕ್ಕೆ ವಾರದಷ್ಟು ಕಾಲ ಅರಳುತ್ತದೆ. ಸುಮಾರು ಮೂರು ವಾರದ ಮೇಲೆ ಚೀಲ ಬಿಚ್ಚಿ, ಚೀಲವಿಲ್ಲದ ತೆನೆಗಳ ಪಕ್ಕ ಹಿಡಿದು ನೋಡಿದರೆ ಆಯಿತು. ಚೀಲದೊಳಗೂ ತುಂಬಿ ಕಟ್ಟಿದ್ದರೆ ಆರ್‌ಎಫ್ ಚಳಿಯಲ್ಲೂ ಕೆಲಸ ಮಾಡಿದೆ. ಹೊರಗಿನದು ತುಂಬಿ ಚೀಲದ್ದು ಬೋಳಾಗಿದ್ದರೆ ಆ ಹೊಲದ ಫಸಲು ನೆರೆಯವರ ಪರಾಗದಿಂದ ಬಂದದ್ದು. ಇಡೀ ಊರು ಅದೇ ಹೈಬ್ರಿಡ್ ಹಾಕಿದರೆ ಆ ಪರಾಗ ಸಿಗುವುದಿಲ್ಲ. ಚೀಲದ ಬಿಸಿಗೆ ಒಂದಿಷ್ಟು ಕಾಳು ಕಡಿಮೆಯಾಗುವುದು ಸಹಜ, ಆದ್ದರಿಂದ ಅದೇ ದಿನ ನಾಲ್ಕಾರು ಮಾಲದಂಡಿ ತೆನೆಗಳಿಗೂ ಚೀಲ ಕಟ್ಟಿಟ್ಟುಕೊಂಡು ಹೋಲಿಸುವುದು ವಾಸಿ.